ಬಿರಡೆ ಹಾಕದ ದೋಣಿ

ಬ್ರೇನರ್ಡ್, ಮಿನ್ನೆಸೋಟ
ಏಪ್ರಿಲ್ ೧೯

ತಮ್ಮ ಆರ್ಲಿನ್‌ಗೆ, ಸಿಟ್ಟಿನಲ್ಲಿದ್ದರೂ ಪ್ರೀತಿಯಿಂದಲೇ ಅಕ್ಕ ವರ್ನಾ ಬರೆಯುವುದು,

ನಿನ್ನ ಕಾರ್ಡು ಬಂತು. ನಾನು ಬರೆದ ಮೂರು ಪುಟಕ್ಕೆ ನಿನ್ನ ಉತ್ತರ ಒಂದೇ ಸಾಲು: "ನೋಡೋಣ ಅಕ್ಕಾ, ಗಾಳಿ ಜಾಸ್ತಿ ಇರ್ಬಹುದು." ಮೇ ತಿಂಗಳ ಗಾಳಿ ಡುಲೂತ್‌ನಲ್ಲಿ ಕೂತವನಿಗೆ ಏಪ್ರಿಲ್‌ನಲ್ಲೇ ಗೊತ್ತಾಗಿಬಿಡುತ್ತದೆಯೇ? ಫೋನ್ ಮಾಡಿದರೆ ಎತ್ತುವುದಿಲ್ಲ. ನಿನ್ನ ಹಿಂದೆ ಬಿದ್ದು ನನಗಂತೂ ಸಾಕುಸಾಕಾಗಿದೆ.

ಇನ್ನೊಮ್ಮೆ ಬರೆಯುತ್ತೇನೆ, ಕನ್ನಡಕ ಹಾಕಿಕೊಂಡು ಓದು. ಮೇ ತಿಂಗಳಲ್ಲಿ ಮೀನು ಹಿಡಿಯುವ ಋತು ಶುರುವಾಗುವ ಶನಿವಾರ, ಸ್ಟೇಟ್ ಪಾರ್ಕಿನೊಳಗಿನ ನಮ್ಮ ಚಿಕ್ಕ ಕೆರೆ, ಏಳನೇ ನಂಬರ್ ಕ್ಯಾಬಿನ್. ಅದನ್ನು ಹಿಡಿಯಲು, ಬುಕಿಂಗ್ ತೆರೆಯುವ ದಿನ ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರ್ ಮುಂದೆ ಕಣ್ಣು ಮಿಟುಕಿಸದೆ ಕೂತಿದ್ದೆ. ಆ ಕೆರೆಗೆ ಪೆಟ್ರೋಲ್ ಮೋಟಾರ್ ಬಿಡುವುದಿಲ್ಲ ಎಂದು ಹಿಂದಿನ ಕಾರ್ಡಿನಲ್ಲಿ ನೀನು ನೆಪ ಹೇಳಿದೆ. ಪಕ್ಕದ ಮನೆಯ ಹಾಲ್ವರ್ ತನ್ನ ಬ್ಯಾಟರಿ ಮೋಟಾರ್ ಕೊಡುತ್ತಾನೆ. ಮಂಚ ಗಿಡ್ಡ ಅಂದೆ. ನೆಲದ ಮೇಲೆ ಮಲಗು. ಊಟಕ್ಕೆ ಹಾಟ್‌ಡಿಶ್ ನಾನು ತರುತ್ತೇನೆ, ಆಲೂಗಡ್ಡೆ ಜಾಸ್ತಿ, ಬಟಾಣಿ ಹಾಕುವುದಿಲ್ಲ. ಇನ್ನೇನು ಉಳಿದಿದೆ ಹೇಳು.

ಅಪ್ಪನಿಗೆ ಎಂಬತ್ಮೂರು ತುಂಬಿತು. ಎಡಗಾಲು ಹೇಳಿದ ಮಾತು ಕೇಳುವುದಿಲ್ಲ. ದೋಣಿಗೆ ಇಳಿಸಲು ನಾನೂ ಬರುತ್ತೇನೆ ಎಂದು ಹಾಲ್ವರ್ ಹೇಳಿದ್ದಕ್ಕೆ, "ನೀನ್ಯಾಕಯ್ಯಾ? ನನಗೆ ಮಗ ಇಲ್ವಾ?" ಎಂದು ಗುಡುಗಿದರು. ಆಮೇಲೆ ಕಿಟಕಿ ಕಡೆ ತಿರುಗಿ, "ಇದಾನೋ ಇಲ್ವೋ" ಅಂದರು. ಮುಂದಿನ ಮೇ ಬಗ್ಗೆ ಡಾಕ್ಟರು ಏನೂ ಹೇಳುತ್ತಿಲ್ಲ. ಈ ಸಲ ನೀನು ಬರಲೇಬೇಕು.

ನಿನ್ನ ಗಾಳಿಯ ಕಥೆ ಬಿಡು. ನಿನ್ನನ್ನು ತಡೆದಿರುವುದು ಎರಡು ವರ್ಷದ ಹಿಂದಿನ ಆ ಬೆಳಿಗ್ಗೆ. ಒಂದು ಕೆರೆಯ ಕಳೆ ಇನ್ನೊಂದಕ್ಕೆ ಹೋಗಬಾರದೆಂದು ದೋಣಿಯ ತಳದ ತೂತಿನ ಬಿರಡೆ ಕಿತ್ತು, ನೀರು ಬಸಿದೇ ರಸ್ತೆಗಿಳಿಯಬೇಕು, ಕಾನೂನು. ಮುಂದಿನ ಕೆರೆಯಲ್ಲಿ ನೆನಪಿನಿಂದ ಮತ್ತೆ ಹಾಕಬೇಕು. ಅವತ್ತು ಯಾರೂ ಹಾಕಿರಲಿಲ್ಲ. ದಡ ಬಿಟ್ಟು ಹತ್ತು ಮಾರು ಹೋಗುವಷ್ಟರಲ್ಲಿ ದೋಣಿ ತುಂಬಿತು, ಅಪ್ಪ ಸೊಂಟದವರೆಗೆ ಕೊರೆಯುವ ನೀರಿನಲ್ಲಿ ನಿಂತರು. ನೀರಿಗಿಳಿಯಲು ಸರದಿಗೆ ಕಾಯುತ್ತಿದ್ದ ದೋಣಿಯವರೆಲ್ಲ ನಕ್ಕರು. ಅವರ ಎದುರೇ ಅಪ್ಪ ಕೂಗಿದ್ದು: "ಐವತ್ತು ವರ್ಷ ಆಯ್ತು, ಒಂದು ಬಿರಡೆ ಹಾಕೋ ಯೋಗ್ಯತೆ ಇಲ್ವಲ್ಲೋ ನಿಂಗೆ!" ನೀನು, "ಅಕ್ಕನ್ನ ಕೇಳ್ದೆ, ಹಾಕಿದೀನಿ ಅಂದ್ಲು" ಅಂದೆ. "ನನ್ನನ್ನ ಯಾವಾಗ ಕೇಳ್ದೆ ನೀನು?" ಅಂದೆ ನಾನು. ಒದ್ದೆ ಬೂಟಿನಲ್ಲೇ ಗಾಡಿ ಹತ್ತಿ ಹೋದವನು ಮತ್ತೆ ಈ ಕಡೆ ಮುಖ ಹಾಕಲಿಲ್ಲ.

ಆರ್ಲಿನ್, ನೀನು ಕೇಳಿದ್ದೆ. ನಾನು ಥರ್ಮಾಸಿಗೆ ಕಾಫಿ ಸುರಿಯುತ್ತ "ಹೂಂ, ಆಯ್ತು" ಅಂದಿದ್ದೆ. ಹಿಂದಿನ ದಿನ ಬಿರಡೆ ಕಿತ್ತವಳು ನಾನು. ಕಿತ್ತವರೇ ಹಾಕಬೇಕು ಅನ್ನುವುದು ನಮ್ಮ ಮನೆಯ ರೂಢಿ. ಅಪ್ಪ ಕೂಗುತ್ತಿದ್ದಾಗಲೇ ಅದು ನನ್ನ ಕೋಟಿನ ಜೇಬಿನಲ್ಲಿ ಬೆರಳಿಗೆ ತಗುಲಿತು. ಅಷ್ಟು ಜನರ ಮುಂದೆ ಬೈಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಆ ಬೈಗುಳ ನಿನ್ನ ತಲೆಗೆ ಬೀಳಲು ಬಿಟ್ಟೆ. ಈ ಎರಡು ವರ್ಷ ನಿನ್ನ ಮೇಲೆ ರೇಗಾಡುತ್ತಿರುವುದೂ ಅದಕ್ಕೇ ಇರಬೇಕು, ನನ್ನ ಮೇಲೆ ನಾನೇ ರೇಗಲಾರದೆ. ನನಗೆ ನಾಚಿಕೆಯಾಗುತ್ತಿದೆ. ಕ್ಷಮಿಸು. ಕ್ಷಮಿಸಲು ಆಗದಿದ್ದರೂ ಬಾ.

ನಿನ್ನ ಅಕ್ಕ,
ವರ್ನಾ

ತಾ.ಕ.: ಲಕೋಟೆಗೆ ಹಾಕುವ ಮೊದಲು ಇದನ್ನು ಅಪ್ಪನಿಗೆ ಓದಿ ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿ ಕಾದೆ. ಬೈಯಲಿಲ್ಲ. "ಹಾಲ್ವರ್‌ಗೆ ಕಾರು ತರೋಕೆ ಹೇಳು" ಅಂದರು. ಎಲ್ಲಿಗೆ ಅಂದೆ. "ಡುಲೂತ್‌ಗೆ. ಕಾಗದ ನಾನೇ ಕೊಡ್ತೀನಿ. ನೀನು ಮನೇಲಿರು." ಹಾಗಾಗಿ ಈ ಲಕೋಟೆಗೆ ಅಂಚೆ ಚೀಟಿ ಹಚ್ಚಿಲ್ಲ. ನೀನು ಇದನ್ನು ಓದುವಾಗ ಅವರು ನಿನ್ನ ಬಾಗಿಲಲ್ಲಿ ನಿಂತಿರುತ್ತಾರೆ. ಮೊದಲು ಒಳಗೆ ಕರೆದು ಕೂರಿಸು.