ಶುಕ್ರವಾರದ ಪಿನ್ನು

ಸೆಪ್ಟೆಂಬರ್ 19, 2025. ಶುಕ್ರವಾರ. ಬೆಳಿಗ್ಗೆ 7.50

ವಾಕಿಂಗ್ ಆಯಿತು. ಜಕ್ಕೂರು ಕೆರೆ ಏರಿಯ ಮೇಲೆ ಎರಡು ಸುತ್ತು ಎಂದುಕೊಂಡಿದ್ದೆ, ಒಂದಕ್ಕೇ ಮಂಡಿ ಮುಷ್ಕರ ಹೂಡಿತು. ಟೀ. ಎರಡು ರಸ್ಕ್.

ಇವತ್ತು ಬರೀ ಸೇಫ್ಟಿ ಪಿನ್. ಶುಕ್ರವಾರ ಅಲ್ಲವೇ.

ಹೊಸ ಅಪಾರ್ಟ್‌ಮೆಂಟಿನ ಆ ಗುಂಗುರು ಕೂದಲಿನ ಹುಡುಗಿ ಬೆಂಚಿನ ಹತ್ತಿರ ತಡೆದು ಕೇಳಿದಳು. "ಆಂಟಿ, ಇವತ್ಯಾಕೆ ಬ್ರೋಚ್ ಇಲ್ಲ? ದಿನಾ ಒಂದೊಂದು ಹಾಕ್ತೀರಲ್ಲ, ಅದನ್ನ ನೋಡೋಕೇ ನಾನು ಈ ಕಡೆಯಿಂದ ಬರ್ತೀನಿ." ಖುಷಿಯಾಯಿತು, ಸುಳ್ಳೇಕೆ ಹೇಳಲಿ. "ಅದಕ್ಕೆ ವೀಕ್ಲಿ ಆಫ್ ಕಣಮ್ಮ" ಎಂದೆ. ನಂಬಿದಳು ಪಾಪ.

ಡಬ್ಬಿಯಲ್ಲಿ ನಲವತ್ತಾರು ಇವೆ. ನಲವತ್ತೈದು ನನ್ನವು.

ಸೆ. 21. ಭಾನುವಾರ. ಮಧ್ಯಾಹ್ನ

ಯಶವಂತಪುರ. ಗೋಪಿಯ ಹಳೇ ಸಾಮಾನಿನ ಅಂಗಡಿ. ನನ್ನನ್ನು ಕಂಡೊಡನೆ ಗಲ್ಲಾಪೆಟ್ಟಿಗೆಯ ಕೆಳಗಿಂದ ಪೊಟ್ಟಣ ತೆಗೆದ. "ಮೇಡಂ, ನಿಮಗೋಸ್ಕರ ಎತ್ತಿಟ್ಟಿದೀನಿ. ಬ್ರಿಟಿಷರ ಕಾಲದ್ದು!" ಗೋಪಿಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಕೂಡ ಬ್ರಿಟಿಷರ ಕಾಲದ್ದೇ.

ತಿರುಗಿಸಿ ಹಿಂಬದಿ ನೋಡಿದೆ. ಮುಂದಿನದನ್ನು ನೋಡಿ ಏನೂ ಹೇಳಲಾಗದು. ಹಳೆಯದಾದರೆ ಸೂಜಿ ಉದ್ದ, ಪಿನ್ನಿನ ಅಂಚು ದಾಟಿ ಹೊರಗೆ ಚಾಚಿರುತ್ತದೆ. ಕೊಕ್ಕೆ ಬರೀ ಒಂದು ಬಾಗು, ಲಾಕ್ ಇರುವುದಿಲ್ಲ. ಇದರದ್ದು ಹಾಗೇ ಇತ್ತು. ಹಸಿರು ಮೀನಾಕಾರಿ ಎಲೆ, ತುದಿಯಲ್ಲಿ ಸ್ವಲ್ಪ ಚಕ್ಕೆ ಎದ್ದಿದೆ. ಯಾವಳೋ ಪುಣ್ಯಾತ್ಗಿತ್ತಿ ಮದುವೆಗೋ ಸ್ಕೂಲ್ ಡೇಗೋ ಹಾಕಿಕೊಂಡಿದ್ದಾಳು. ಕೊಂಡು ತಂದೆ. ನಲವತ್ತೇಳು.

ಬಸ್ಸಿನಲ್ಲಿ ಬರುವಾಗ ವಾಟ್ಸಾಪ್ ಟಣ್ ಎಂದಿತು. ರತ್ನಕ್ಕ. ಕಾರ್ಖಾನೆಯಲ್ಲಿ ನಮ್ಮ ಲೈನ್ ಸೂಪರ್‌ವೈಸರ್ ಆಗಿದ್ದವರು, ಈಗಲೂ ಬಿಟ್ಟಿಲ್ಲ. "ನವೆಂಬರ್ 23, ಭಾನುವಾರ, ಅಸೆಂಬ್ಲಿ ಸೆಕ್ಷನ್ ಗೆಟ್ ಟುಗೆದರ್. ಯಾರೂ ಲೇಟ್ ಆಗಬಾರದು." ಅದರ ಕೆಳಗೆ ಇನ್ನೊಂದು ಸಾಲು — ಗ್ರೂಪಿಗೆ ಹೊಸಬರು ಸೇರಿದ್ದಾರೆ.

ಖುರ್ಷೀದ್.

ಫೋಟೋ ಜಾಗದಲ್ಲಿ ಗುಲಾಬಿ ಹೂ. ದೊಡ್ಡದು ಮಾಡಿ ನೋಡಿದೆ. ಗುಲಾಬಿಯೇ. ಹೆಬ್ಬಾಳದ ಟ್ರಾಫಿಕ್ ದಾಟಿ ಮನೆಗೆ ಬರುವಷ್ಟರಲ್ಲಿ ನಾಲ್ಕು ಸಲ ನೋಡಿದ್ದೆ.

ಸೆ. 22. ಸೋಮವಾರ

ನಿದ್ದೆ ಸರಿಯಾಗಲಿಲ್ಲ. ಬರೆದರೆ ಹಗುರಾಗಬಹುದು.

ಗಡಿಯಾರದ ಕಾರ್ಖಾನೆ. ಅಸೆಂಬ್ಲಿಯಲ್ಲಿ ಬಳೆ ಇಲ್ಲ, ಉಂಗುರ ಇಲ್ಲ, ಹೂ ಮುಡಿಯುವ ಹಾಗಿಲ್ಲ — ಒಂದು ಎಸಳು ಉದುರಿದರೆ ವಾಚಿನೊಳಗಿನ ಮೂವ್‌ಮೆಂಟ್ ಹಾಳು. ಸೆರಗು ಮಾತ್ರ ಭುಜಕ್ಕೆ ಪಿನ್ ಮಾಡಿರಲೇಬೇಕು. ರೂಲು. ಹಾಗಾಗಿ ನಮ್ಮ ಸೊಗಸೆಲ್ಲ ಆ ಒಂದು ಪಿನ್ನಿನ ಮೇಲೆ. ನವಿಲು, ಹಂಸ, ಬಿಳಿ ಕಲ್ಲಿನ ಬೋ, ಗೋವಾದಿಂದ ತಂದ ಕಪ್ಪೆಚಿಪ್ಪು... ನೂರಿಪ್ಪತ್ತು ಹೆಂಗಸರು, ನೂರಿಪ್ಪತ್ತು ಭುಜ.

ಲಾಕರ್ ರೂಮಿನಲ್ಲಿ ಕನ್ನಡಿ ಇರಲಿಲ್ಲ. ಒಬ್ಬರ ಪಿನ್ ಪಕ್ಕದವರೇ ಹಾಕಬೇಕು. ನನಗೆ ಖುರ್ಷೀದ್, ಖುರ್ಷೀದಳಿಗೆ ನಾನು. ಹನ್ನೊಂದು ವರ್ಷ. ಶುಕ್ರವಾರ ಮಾತ್ರ, ಪಿನ್ ಹಾಕುವವಳು ತನ್ನ ಪಿನ್ನನ್ನೇ ಎದುರಿನವಳಿಗೆ ಚುಚ್ಚುತ್ತಿದ್ದಳು. ಶನಿವಾರ ಭಾನುವಾರ ರಜೆಯಲ್ಲಿ ಗೆಳತಿಯದ್ದು ಹಾಕಿಕೊಂಡು ಮೆರೆಯುವುದು. ಸೋಮವಾರ ವಾಪಸ್. ಯಾರು ಶುರು ಮಾಡಿದರೋ ಗೊತ್ತಿಲ್ಲ, ಇಡೀ ಲೈನಿಗೆ ಅದೇ ಪದ್ಧತಿ.

2002, ಜೂನ್ 28. ಶುಕ್ರವಾರ. ಬೆಳಿಗ್ಗೆ ಅವಳು ತನ್ನದು ನನಗೆ ಹಾಕಿದಳು, ನಾನು ನನ್ನದು ಅವಳಿಗೆ. ಮಧ್ಯಾಹ್ನ ನೋಟಿಸ್ ಬೋರ್ಡಿಗೆ ಪಟ್ಟಿ ಬಿತ್ತು. ವಿಆರ್‌ಎಸ್. ನಮ್ಮ ಸೆಕ್ಷನ್ ಪೂರ್ತಿ. ಸೋಮವಾರದಿಂದ ಬರುವುದು ಬೇಡ.

ಅಳುವವರು ಯಾರು, ಸಮಾಧಾನ ಮಾಡುವವರು ಯಾರು. ಪಿನ್ನಿನ ನೆನಪು ಯಾರಿಗಿತ್ತು.

ಅವಳ ಹತ್ತಿರ ಉಳಿದದ್ದು ಮಹೇಂದ್ರ ನನಗೆ ಮಾಡಿಕೊಟ್ಟಿದ್ದು. ಹಳೇ ವಾಚುಗಳ ಐದು ಪುಟ್ಟ ಗಾಲಿ, ನಡುವೆ ಕಡಲೆಬೇಳೆಗಿಂತ ಚಿಕ್ಕ ಕೆಂಪು ಕಲ್ಲು. ಒಂದು ಗಾಲಿ ಊದಿದರೆ ತಿರುಗುತ್ತದೆ. ಮದುವೆಯಾದ ವರ್ಷ ಅಡುಗೆಮನೆ ಕಟ್ಟೆಯ ಮೇಲೆ ಕೂತು ಮಾಡಿದ್ದರು. ಇವರು ಹೋಗಿ ಹದಿನಾಲ್ಕು ವರ್ಷ. ಅಂಗಿ, ಕನ್ನಡಕ, ಸ್ಕೂಟರ್ ಕೀ ಎಲ್ಲ ಇದೆ. ಇವರು ಕೈಯಾರೆ ಮಾಡಿದ್ದು ಅದೊಂದೇ. ಅದು ನನಗೆ ಬೇಕು.

ಅ. 1. ಬುಧವಾರ. ಆಯುಧಪೂಜೆ

ಇವತ್ತು ಇದನ್ನೂ ಬರೆದುಬಿಡುತ್ತೇನೆ.

ಖುರ್ಷೀದಳ ಪಿನ್ನು ಅವಳ ಅಬ್ಬಾ ಬೀದರಿನಲ್ಲಿ ಮಾಡಿದ್ದು. ಬಾದಾಮಿ ಆಕಾರ, ಕಾಡಿಗೆಯಂಥ ಕಪ್ಪು, ಅದರೊಳಗೆ ಬೆಳ್ಳಿಯ ಸಣ್ಣ ಬಳ್ಳಿ. ಆ ವರ್ಷದ ಆಯುಧಪೂಜೆಗೆ ಮನೆಯ ತಾಮ್ರ, ಹಿತ್ತಾಳೆ, ಸೈಕಲ್ ಬೆಲ್ಲು ಎಲ್ಲ ಹುಣಸೆಹಣ್ಣು ಹಾಕಿ ಉಜ್ಜಲು ಕೂತಿದ್ದೆ. ಅವಳದ್ದನ್ನೂ ತೆಗೆದೆ. ಇಷ್ಟು ಕಪ್ಪಗಾಗಿದೆಯಲ್ಲ, ಫಳಫಳ ಮಾಡಿ ವಾಪಸ್ ಕೊಡೋಣ ಎಂದು! ಚೆನ್ನಾಗಿ, ಬೂದಿಯನ್ನೂ ಸೇರಿಸಿ, ಕೈ ಸೋಲುವ ತನಕ.

ಕಪ್ಪೇ ಅದರ ಸೊಗಸು ಎಂದು ಯಾರಿಗೆ ಗೊತ್ತಿತ್ತು. ತೊಳೆದು ನೋಡಿದರೆ ಹಳೇ ಸೀಸದ ಚೂರಿನ ಹಾಗೆ ಬಿಳಿಚಿಕೊಂಡಿತ್ತು.

ಅದೇ ವಾರ ಅವಳ ಫೋನು. "ಇಲ್ಲ ಅಂತ ಹೇಳ್ರಿ" ಎಂದೆ ಇವರಿಗೆ. ಹೇಳಿದರು. ತಿಂಗಳು ಬಿಟ್ಟು ಮತ್ತೆ. ಮತ್ತೆ ಇಲ್ಲ. "ಹೋಗಿದ್ದು ಬಣ್ಣ ತಾನೇ, ಮಾತಾಡೇ" ಎಂದರು ಮಹೇಂದ್ರ. "ಅವರಪ್ಪ ಮಾಡಿದ್ದು ಕಣ್ರೀ, ಏನಂತ ಮಾತಾಡಲಿ" ಎಂದೆ. ಮೂರನೆಯ ಸಲ ಫೋನು ಬರಲಿಲ್ಲ. ಗಂಡನಿಗೆ ಸೊಲ್ಲಾಪುರಕ್ಕೆ ವರ್ಗ ಆಯಿತೆಂದು ಯಾರೋ ಹೇಳಿದರು.

ನಾಚಿಕೆಯಾಗುತ್ತದೆ. ಪಿನ್ನಿಗಲ್ಲ, ಫೋನಿಗೆ.

ಅ. 5. ಭಾನುವಾರ

ಮೇಲಿನ ಮನೆಯ ಬಸವಕಿರಣ ಬಾಡಿಗೆ ಕೊಡಲು ಬಂದಿದ್ದ. ಯಲಹಂಕದ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಊರು ಬೀದರ್. ಟೇಬಲ್ ಮೇಲೆ ಡಬ್ಬಿ ತೆರೆದೇ ಇತ್ತು. ಬೇರೆ ಯಾವುದನ್ನೂ ಮುಟ್ಟಲಿಲ್ಲ, ಅದೊಂದನ್ನೇ ಎತ್ತಿಕೊಂಡ.

"ಆಂಟಿ, ಇದು ನಮ್ಮ ಬೀದರಿದ್ದು ಅದರೀ. ಇದಕ್ಕ ಹುಣಚಿಹಣ್ಣ ಹಚ್ಚಿ ತಿಕ್ಕೀರೇನು?"

"ಹೇಗೆ ಗೊತ್ತಾಯ್ತು?"

"ಎಲ್ಲಾರೂ ಅದನ್ನೇ ಮಾಡ್ತಾರ್ರೀ!" ನಗುವುದಕ್ಕೆ ಶುರು ಮಾಡಿದ. ನನ್ನ ಮುಖ ನೋಡಿ ನಿಲ್ಲಿಸಿದ. "ಕೋಟೆ ಮಣ್ಣಿನ ನೀರಾಗ ಮತ್ತ ಕುದಿಸಿದ್ರ ಕಪ್ಪ ಬರ್ತದ್ರೀ. ನಮ್ಮ ಕಾಕಾಗ ಗುರ್ತಿನವರು ಅದಾರ. ದೀಪಾವಳಿಗೆ ಊರಿಗೆ ಹೊಂಟೀನಿ, ಕೊಡ್ರಿ."

ಇಪ್ಪತ್ಮೂರು ವರ್ಷ ಮುಚ್ಚಿಟ್ಟದ್ದಕ್ಕೆ ಇಷ್ಟು ಸುಲಭದ ಔಷಧಿಯೇ! ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅವನಿಗೆ ಎರಡು ಕೋಡುಬಳೆ ಜಾಸ್ತಿ ಹಾಕಿದೆ.

ಅ. 18. ಶನಿವಾರ

ಕೊಟ್ಟೆ. ಹತ್ತಿಯಲ್ಲಿ ಸುತ್ತಿ, ಹಳೇ ಮಾತ್ರೆ ಡಬ್ಬಿಯಲ್ಲಿಟ್ಟು. "ಬಸ್ಸಲ್ಲಿ ಜೇಬಿಗೆ ಹಾಕ್ಕೋಬೇಡಪ್ಪ" ಎಂದೆ ಮೂರು ಸಲ.

ಅ. 27. ಸೋಮವಾರ

ಬರಿಗೈಯಲ್ಲಿ ಬಂದ. ಕೆಲಸದವರಿಗೆ ಹುಷಾರಿಲ್ಲವಂತೆ. "ಕಾಕಾ ಕಳಸ್ತಾನ್ರೀ, ಚಿಂತಿ ಮಾಡಬ್ಯಾಡ್ರಿ."

ಚಿಂತೆ ಮಾಡುತ್ತಿದ್ದೇನೆ.

ನ. 9

ಬಂದಿಲ್ಲ. ರತ್ನಕ್ಕ ಗ್ರೂಪಿನಲ್ಲಿ ಹೆಸರು ಕೇಳುತ್ತಿದ್ದಾರೆ. ಖುರ್ಷೀದ್ "ಬರ್ತೀನಿ" ಎಂದು ಹಾಕಿದ್ದಾಳೆ. ಈಗ ಆರ್.ಟಿ. ನಗರದಲ್ಲಿದ್ದಾಳಂತೆ. ಬಸ್ಸಿನಲ್ಲಿ ಅರ್ಧ ಗಂಟೆ. ನಾನಿನ್ನೂ ಏನೂ ಹಾಕಿಲ್ಲ.

ನ. 18. ಮಂಗಳವಾರ. ಸಂಜೆ 4.15

ಬಂತು!

ಕಪ್ಪು. ಅದೇ ಕಪ್ಪು. ಬಳ್ಳಿ ಎದ್ದು ಕಾಣುತ್ತದೆ. ಬಸವಕಿರಣ ಹೇಳಿಕೊಟ್ಟಂತೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದೆ. ಕಾರ್ಖಾನೆ ಕಾಲದ ಹಳೇ ಐಗ್ಲಾಸ್ ಹುಡುಕಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದೆ. ಒಂದು ಎಲೆಯ ತುದಿ ಮಾತ್ರ ಸವೆದಿದೆ. ಅಲ್ಲಿ ನನ್ನ ಹೆಬ್ಬೆಟ್ಟು ಜೋರಾಗಿ ಉಜ್ಜಿರಬೇಕು.

"ಬರ್ತೀನಿ" ಎಂದು ಗ್ರೂಪಿಗೆ ಹಾಕಿದೆ.

ನ. 23. ಭಾನುವಾರ. ಸಂಜೆ 5.30

ಬಂದು ಸೀರೆಯನ್ನೂ ಬದಲಾಯಿಸಿಲ್ಲ.

ಯಶವಂತಪುರದ ಛತ್ರ. ಮಾರ್ಕೆಟಿನ ಈರುಳ್ಳಿ ವಾಸನೆ ಒಳಗಿನವರೆಗೂ. ಅವಳ ಪಿನ್ನನ್ನೇ ಭುಜಕ್ಕೆ ಹಾಕಿಕೊಂಡು ಹೋಗಿದ್ದೆ, ಅಲ್ಲೇ ಬಿಚ್ಚಿ ಕೊಡುವುದೆಂದು. ರತ್ನಕ್ಕ ಬಾಗಿಲಲ್ಲಿ ನಿಂತು ವಾಚ್ ನೋಡುತ್ತಿದ್ದರು. ಖುರ್ಷೀದ್ ಬಂದಿರಲಿಲ್ಲ. ಊಟಕ್ಕೆ ಕೂತಾಗಲೂ ಇಲ್ಲ. ಪಾಯಸ ಬಂತು, ತಿನ್ನಲಾಗಲಿಲ್ಲ.

ಕೈ ತೊಳೆಯುವ ಹತ್ತಿರ ಸಿಕ್ಕಳು. ದಪ್ಪಗಾಗಿದ್ದಾಳೆ. ತಲೆಯ ಮೇಲೆ ಕಡುನೀಲಿ ದುಪಟ್ಟಾ, ಕಿವಿಯ ಪಕ್ಕ ಅದನ್ನು ಹಿಡಿದು ನಿಲ್ಲಿಸಿದ್ದು — ಐದು ಗಾಲಿ, ಒಂದು ಕೆಂಪು ಕಲ್ಲು. ಅವಳೂ ನನ್ನ ಮುಖ ನೋಡಲಿಲ್ಲ, ಭುಜ ನೋಡಿದಳು.

"ನನ್ ಪಿನ್ನು" ಎಂದಳು.

"ನನ್ನದು" ಎಂದೆ.

ನಾನೇ ಗಡಗಡ ಒದರಿದೆ. "ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟೆ ಕಣೇ. ಕಪ್ಪೆಲ್ಲ ಹೋಯ್ತು. ಮುಖ ತೋರಿಸೋಕಾಗ್ಲಿಲ್ಲ. ನೀನು ಫೋನ್ ಮಾಡ್ದಾಗ ಮನೇಲೇ ಇದ್ದೆ. ಎರಡು ಸಲಾನೂ ಇದ್ದೆ."

"ಇದ್ದೆ ಅಂತ ಗೊತ್ತಿತ್ತು. ಹಿಂದ್ಗಡೆ ನಿನ್ ದನಿ ಕೇಳ್ತಿತ್ತು." "ಹುಣಸೆಹಣ್ಣಿಗಾ ಸುಮಾ? ಬರೀ ಹುಣಸೆಹಣ್ಣಿಗಾ?"

"ಹೂಂ."

"ನಾನು ಬೇರೆ ಅಂದ್ಕೊಂಡೆ. ಆ ವರ್ಷ ಟೀವೀಲಿ ದಿನಾ ಹಿಂದೂ ಮುಸ್ಲಿಂ ಗಲಾಟೇನೇ ಇತ್ತಲ್ಲ. ನಾನು ಮುಸ್ಲಿಂ ಅಂತ ನೀನೂ ದೂರ ಇಟ್ಬಿಟ್ಟೆ ಅಂದ್ಕೊಂಡೆ. ಅದಕ್ಕೇ ಮತ್ತೆ ಮಾಡ್ಲಿಲ್ಲ."

ನಲ್ಲಿ ಬಿಟ್ಟೇ ಇತ್ತು. ಯಾರೋ ಬಂದು ನಿಲ್ಲಿಸಿದರು. ಇಪ್ಪತ್ಮೂರು ವರ್ಷ ನಾನು ಒಂದು ಪಿನ್ನಿನ ಬಣ್ಣಕ್ಕೆ ಬೆಚ್ಚುತ್ತಿದ್ದೆ. ಅವಳು ಹೊತ್ತುಕೊಂಡಿದ್ದು ಇದನ್ನು. ನನ್ನಿಂದ. ಅವಳ ಕೈ ಹಿಡಿದುಕೊಂಡೆ. ಅತ್ತುಬಿಟ್ಟೆ, ಛತ್ರದಲ್ಲಿ, ಎಲ್ಲರ ಎದುರಿಗೆ.

"ಅಯ್ಯೋ ಸುಮ್ನಿರೇ" ಎಂದಳು. "ನಾನೂ ಚಿಕ್ಕೋಳಿದ್ದಾಗ ಅಬ್ಬಾದು ಒಂದು ಹೂಜಿ ಉಜ್ಜಿ ಒದೆ ತಿಂದಿದೀನಿ." ಆಮೇಲೆ ಸುತ್ತ ನೋಡಿ, "ಮಹೇಂದ್ರ ಎಲ್ಲಿ? ಗೇಟಲ್ಲಿ ಕಾಯ್ತಿದಾರಾ?"

ಹೇಳಿದೆ.

ಕೈ ಮೇಲೆತ್ತಿ ಕಿವಿಯ ಪಕ್ಕದ ಪಿನ್ನು ಬಿಚ್ಚಿದಳು. ದುಪಟ್ಟಾ ಜಾರಿತು, ಹಿಡಿದುಕೊಳ್ಳಲಿಲ್ಲ. ಪಿನ್ನನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಬಿಡಿಸಿ, ಊದಿದೆ. ತಿರುಗಿತು. ನಿಲ್ಲದೆ ತಿರುಗಿತು.

"ತಿಂಗಳಿಗೊಂದ್ಸಲ ಮಿಷನ್ ಎಣ್ಣೆ ಬಿಡ್ತೀನಿ" ಎಂದಳು, "ಒಂದೇ ತೊಟ್ಟು, ಸೂಜಿ ತುದೀಲಿ."

ನಾನಾಗಿದ್ದರೆ ಡಬ್ಬಿಯಲ್ಲಿಟ್ಟು ಪೂಜೆ ಮಾಡುತ್ತಿದ್ದೆ. ಅವಳು ಎಣ್ಣೆ ಬಿಟ್ಟು, ತಲೆಯ ಮೇಲೆ ಹಾಕಿಕೊಂಡು, ಸೊಲ್ಲಾಪುರವೆಲ್ಲ ತಿರುಗಿಸಿ ತಂದಿದ್ದಾಳೆ. ಇವರು ಕೈಯಾರೆ ಮಾಡಿದ್ದು. ಇಷ್ಟು ವರ್ಷ ಇದಕ್ಕೇ ಹಂಬಲಿಸಿದವಳು ನಾನು. ಆದರೂ ಅವಳ ದುಪಟ್ಟಾ ಸರಿಮಾಡಿ ಅದನ್ನು ಅಲ್ಲಿಯೇ ವಾಪಸ್ ಚುಚ್ಚಿದೆ. ತಲೆ ಬಗ್ಗಿಸಿ ನಿಂತಳು, ಲಾಕರ್ ರೂಮಿನಲ್ಲಿ ನಿಲ್ಲುತ್ತಿದ್ದ ಹಾಗೇ.

"ಇವತ್ತು ಭಾನುವಾರ ಕಣೇ" ಎಂದೆ. "ಸೋಮವಾರ ಕೊಡು."

ನ. 24. ಸೋಮವಾರ. ಬೆಳಿಗ್ಗೆ 10.10

ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ನಾನೇ ಎತ್ತಿದೆ. "ಎಷ್ಟೊತ್ತಿಗೆ ಬರ್ತೀಯ? ಹನ್ನೊಂದಕ್ಕೆ ಅಂದ್ರೆ ಹನ್ನೊಂದಕ್ಕೇ ಬಾ." ರತ್ನಕ್ಕನ ಗಾಳಿ ಬೀಸಿದೆ ಇವಳಿಗೂ.

ಆರ್.ಟಿ. ನಗರಕ್ಕೆ ಆಟೋ ಬುಕ್ ಆಯಿತು. ಡಬ್ಬಿ ಪೂರ್ತಿ ಚೀಲಕ್ಕೆ ಹಾಕಿದೆ, ನಲವತ್ತೇಳೂ. ನೋಡಿ ಆರಿಸಿಕೊಳ್ಳಲಿ, ಮುಂದಿನ ಶುಕ್ರವಾರಕ್ಕೆ. ಹಸಿರು ಎಲೆ ಅವಳ ಬಣ್ಣಕ್ಕೆ ಒಪ್ಪುತ್ತದೆ.

ಕನ್ನಡಿಯ ಮುಂದೆ ನಿಂತು ಒಂದು ಪಿನ್ ಕೈಗೆ ತೆಗೆದುಕೊಂಡೆ. ವಾಪಸ್ ಇಟ್ಟೆ. ಭುಜ ಹಾಗೇ ಇರಲಿ. ಅವಳೇ ಹಾಕಲಿ.

ಆಟೋದವನು ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದಾನೆ. ಬಂದೆ ಮಾರಾಯ. ಸೆರಗು ಜಾರುತ್ತಿದೆ, ಎಡಗೈಯಲ್ಲಿ ಹಿಡಿದುಕೊಂಡೇ ಬರೆ—