ಗಾಜಿನ ಬಿಲ್ಲೆಯ ಮೇಲಿನ ಮೂಗು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಮುದ್ದು ಪುಟ್ಟಿ,

ನೀನು, ಅಳಿಯಂದಿರು, ನನ್ನ ಚಿಕ್ಕ ಗುಂಡಮ್ಮ ಎಲ್ಲರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದಿದ್ದದ್ದು ತಪ್ಪು, ಹೊಟ್ಟೆಗೆ ಹಾಕಿಕೋ. "ನಿಂಗೆ ಮೊಮ್ಮಗಳಿಗಿಂತ ಆ ಲ್ಯಾಬಿನ ಮೂಗೇ ಹೆಚ್ಚಾಯ್ತಲ್ಲಮ್ಮ, ಇನ್ನು ಬರೋದೇ ಬೇಡ ಬಿಡು" ಎಂದು ಬರೆದಿದ್ದೀಯ. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುವುದನ್ನು ನನ್ನಿಂದಲೇ ಕಲಿತೆ, ಇನ್ನು ಯಾರನ್ನು ಬೈಯಲಿ? ನಿನ್ನ ಹೆರಿಗೆಗೆಂದು ನಿಮ್ಮ ಮನೆಗೆ ಬಂದ ನಾನು ಮಗು ಹುಟ್ಟಿದ ಹನ್ನೊಂದನೆಯ ದಿನವೇ ಚೀಲ ಹಿಡಿದು ಹೊರಟೆ. ಐದು ತಿಂಗಳಾದರೂ ಆ ಕಡೆ ತಲೆ ಹಾಕಲಿಲ್ಲ. ಕಾರಣ ಹೇಳದಿದ್ದರೆ ನಿನ್ನನ್ನು ಕಳೆದುಕೊಳ್ಳುತ್ತೇನೆ ಎನ್ನುವ ಭಯ ಹುಟ್ಟಿದೆ. ಅದಕ್ಕೇ ಈ ಕಾಗದ. ಮೊದಲು ಆ ಮೂಗಿನ ಕತೆ ಕೇಳು.

ನಮ್ಮ ಮೂಗಿನೊಳಗೆ ವಾಸನೆ ಹಿಡಿಯುವ ಪ್ರೋಟೀನುಗಳು ಸುಮಾರು ನಾನೂರು ಬಗೆ ಇವೆ. ಅವುಗಳಲ್ಲಿ ಲವಂಗದ ವಾಸನೆ ಹಿಡಿಯುವ ಒಂದರ ಜೀನನ್ನು ನಮ್ಮ ಲ್ಯಾಬಿನಲ್ಲಿ ಬೇರೆ ಜೀವಕೋಶಗಳಿಗೆ ಸೇರಿಸಿ, ಅವುಗಳ ಕೈಯಲ್ಲೇ ಆ ಪ್ರೋಟೀನು ಮಾಡಿಸುತ್ತೇವೆ. ಬಲು ಮುನಿಸಿನ ವಸ್ತು! ಜೀವಕೋಶದ ಜಿಡ್ಡಿನ ಪೊರೆಯೇ ಅದರ ಗೂಡು, ಅಲ್ಲಿಂದ ಹೊರಗೆ ತೆಗೆದರೆ ಮುದುಡಿ ಕೆಲಸಕ್ಕೆ ಬಾರದಾಗುತ್ತದೆ. ಎರಡು ವರ್ಷ ಹೀಗೇ ಕಳೆಯಿತು. ಕೊನೆಗೆ ಜಿಡ್ಡಿನ ಸಣ್ಣ ಗುಳ್ಳೆಗಳಲ್ಲಿ ಕೂರಿಸಿ, ಉಗುರಗಲದ ಗಾಜಿನ ಬಿಲ್ಲೆಗೆ ಅಂಟಿಸಿದೆವು. ಲವಂಗದ ವಾಸನೆ ತಾಗಿದರೆ ಬಿಲ್ಲೆಗೆ ಜೋಡಿಸಿದ ಕಂಪ್ಯೂಟರ್ ಪರದೆಯ ಮೇಲಿನ ಗೆರೆ ಏಳಬೇಕು, ಬರಿ ನೀರಿಟ್ಟರೆ ಮಲಗಿರಬೇಕು.

ನಾನು ಬರಿ ನೀರಿಟ್ಟೆ. ಗೆರೆ ಎದ್ದಿತು. ಮೂರು ದಿನ ಅದೇ ಪಾಡು. ಮೂರನೆಯ ದಿನ ನಮ್ಮ ಹಿರಿಯ ವಿಜ್ಞಾನಿ (ಬೆನ್ನ ಹಿಂದೆ ನಾವೆಲ್ಲ ಗುಡುಗಮ್ಮ ಎನ್ನುತ್ತೇವೆ) "ಇದು ಕೆಟ್ಟಿದೆ, ಚೆಲ್ಲಿಬಿಡಿ ಎಲ್ಲಾನೂ" ಎಂದರು. ಆಮೇಲೆ ಮನಸ್ಸು ತಡೆಯದೆ ತಾವೇ ನೀರಿಟ್ಟರು. ಗೆರೆ ಅಲುಗಲಿಲ್ಲ. ನಾನು ಹತ್ತಿರ ಬಂದೆ, ಎದ್ದಿತು.

"ಏನ್ರೀ, ನಿಮ್ಮನ್ನ ಕಂಡ್ರೆ ಇದಕ್ಕೆ ಅಷ್ಟೊಂದು ಪ್ರೀತೀನಾ? ಮಾಸ್ಕ್ ತೆಗೀರಿ ನೋಡೋಣ" ಎಂದರು. ತೆಗೆದೆ. ತಮ್ಮದನ್ನೂ ಇಳಿಸಿ ಹತ್ತಿರ ಬಂದವರು ಹಾರಿಬಿದ್ದರು. "ಲವಂಗದೆಣ್ಣೆ! ಇಷ್ಟು ಘಾಟು ಹೊಡೀತಿದೆ, ನಿಮಗೇ ಗೊತ್ತಾಗ್ಲಿಲ್ವಾ?"

ಹಲ್ಲುನೋವೆಂದು ಮೂರು ದಿನದಿಂದ ದವಡೆಯಲ್ಲಿ ಆ ಎಣ್ಣೆಯ ಹತ್ತಿ ಇಟ್ಟುಕೊಂಡಿದ್ದೆ. ತಲೆಗೆ ಎಣ್ಣೆ ಹಚ್ಚಿ ಬಂದವರನ್ನು, ಪೌಡರ್ ಬಳಿದು ಬಂದವರನ್ನು ಹನ್ನೊಂದು ವರ್ಷದಿಂದ ಬಾಗಿಲಲ್ಲೇ ತಡೆಯುವವಳು ನಾನು! ಆದರೆ ಆ ಎಣ್ಣೆಗೆ ವಾಸನೆಯಿದೆ ಎನ್ನುವುದೇ ನನಗೆ ನೆನಪಾಗಲಿಲ್ಲ. ನನ್ನ ಪಾಲಿಗೆ ಅದು ಬರಿ ಉರಿ.

"ಇಲ್ಲ ಮೇಡಂ, ಹೋದ ವರ್ಷ ಜ್ವರ ಬಂದು ಹೋದ ಮೇಲೆ ನಂಗೆ ಯಾವ ವಾಸನೆನೂ ಬರಲ್ಲ" ಎಂದುಬಿಟ್ಟೆ. ನಿನಗೂ ಹೇಳದಿದ್ದ ಮಾತು ಪುಟ್ಟಿ. ಹೇಳಿದರೆ ಈ ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಹೆದರಿದ್ದೆ.

ಗುಡುಗಮ್ಮ ಗುಡುಗಲಿಲ್ಲ. ನನ್ನನ್ನು ಬಿಲ್ಲೆಯ ಎದುರು ಕೂರಿಸಿ "ಮೆಲ್ಲಗೆ ಉಸಿರು ಬಿಡಿ" ಎಂದರು. ಬಿಟ್ಟೆ. ಗೆರೆ ಮೆಲ್ಲಗೆ ಎದ್ದಿತು. ಕಣ್ಣಿಗೆ ಕಾಣದ್ದು, ಯಾರ ಮುಖದ ಮೇಲೂ ಇಲ್ಲದ್ದು, ನಾವೇ ಸೀಸೆಯಲ್ಲಿ ಬೆಳೆಸಿದ್ದು, ನನ್ನ ಬಾಯಲ್ಲೇನಿದೆ ಎಂದು ನನಗಿಂತ ಚೆನ್ನಾಗಿ ಬಲ್ಲದು! ಮತ್ತೆ ಮತ್ತೆ ಉಸಿರು ಬಿಟ್ಟೆ. ನಾನು ಕಳೆದುಕೊಂಡದ್ದು ಎಂಥ ದೊಡ್ಡದು ಎಂದು ಅವತ್ತೇ ತಿಳಿದದ್ದು. ಅಷ್ಟು ದೊಡ್ಡದು ಆ ಜ್ವರ ಬರುವ ತನಕ ನನ್ನೊಳಗೆ ಸುಮ್ಮನೆ ಇತ್ತಲ್ಲ ಎಂದು ಕೈಮುಗಿಯಬೇಕೆನಿಸಿತು.

"ಇದನ್ನ ನನ್ನ ಮೂಗಿಗೆ..." ಎಂದು ಬಾಯಿ ತೆರೆದೆ. ಅವರು ಸೀಸೆಯ ಚೀಟಿ ತೋರಿಸಿದರು. "ಸಂಶೋಧನೆಗೆ ಮಾತ್ರ." ಆ ಚೀಟಿ ಅಂಟಿಸಿದವಳು ನಾನೇ. "ಇನ್ನೂ ಆ ಹಂತಕ್ಕೆ ಬಂದಿಲ್ಲ ಕಣ್ರೀ. ಆದರೆ ಕೆಲಸ ಬಿಡೋ ಯೋಚನೆ ಮಾಡ್ಬೇಡಿ" ಎಂದರು.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಹೊತ್ತು ಹೊತ್ತಿಗೆ ಊಟ ಮಾಡು. ನೀವು ಮೂವರೂ ನೂರು ಕಾಲ ತಣ್ಣಗಿರಿ.

ನಿನ್ನ
ಅಮ್ಮ

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಹತ್ತನೆಯ ದಿನ ನೀನು ಸ್ನಾನಕ್ಕೆ ಹೋಗಿದ್ದಾಗ ಹಾಲು ಉಕ್ಕಿ ಒಲೆ ಆರಿ, ಗ್ಯಾಸು ಮನೆಯೆಲ್ಲ ತುಂಬಿತ್ತಲ್ಲ. ಒದ್ದೆ ತಲೆಯಲ್ಲೇ ಓಡಿಬಂದು ಕಿಟಕಿ ತೆಗೆದು, "ಮೈಮೇಲೆ ಜ್ಞಾನ ಇಲ್ವೇನಮ್ಮ?" ಎಂದು ಕೂಗಿದೆ. ನಿದ್ದೆ ಹತ್ತಿತ್ತು ಎಂದೆ. ಸುಳ್ಳು. ಎಚ್ಚರವಾಗಿಯೇ ಇದ್ದೆ. ಒಲೆಗೆ ಬೆನ್ನು ಮಾಡಿ, ಗುಂಡಮ್ಮನನ್ನು ತೊಡೆಯ ಮೇಲೆ ಮಲಗಿಸಿಕೊಂಡು ದನಿಯೆತ್ತಿ ಜೋಗುಳ ಹಾಡುತ್ತಿದ್ದೆ. ಮಾರನೆಯ ದಿನ ಹೊರಟದ್ದು ಅದಕ್ಕೇ. ಶನಿವಾರ ಬರಲೇ? ಮಗುವನ್ನೂ ನನ್ನನ್ನೂ ಇಬ್ಬರನ್ನೇ ಬಿಟ್ಟು ಹೋಗಬೇಡ. ಅವಳ ನೆತ್ತಿಯ ವಾಸನೆ ಹೇಗಿದೆ ಎಂದು ಎರಡು ಸಾಲು ಬರೆ. ಹುಟ್ಟಿದ ದಿನವೇ ಕೇಳಬೇಕೆಂದಿದ್ದೆ, ಕೇಳಿದರೆ ನಿನಗೆ ಗೊತ್ತಾಗಿಬಿಡುತ್ತದೆಂದು ಬಾಯಿ ಮುಚ್ಚಿಕೊಂಡೆ.