ಕೀಬೋರ್ಡ್ ಕೆಳಗಿನ ಕೆಂಪು ಚುಕ್ಕಿ

31-3-98, ಮಂಗಳವಾರ

ಬೆಳಿಗ್ಗೆಯಿಂದ ಮೂರು ಲಗ್ನಪತ್ರಿಕೆ. ಮೂರರಲ್ಲೂ ಅದೇ ಜಗಳ — ‘ಸುಖಾಗಮನ ಬಯಸುವವರು’ ಅಂತ ಹಾಕಿದ ಮೇಲೆ ಯಾರ ಹೆಸರು ಮೊದಲು? ದೊಡ್ಡಪ್ಪನದೋ, ಸೋದರಮಾವನದೋ? ಪ್ರೂಫ್ ಹಿಡಿದು ಮನೆಗೆ ಹೋಗುತ್ತಾರೆ, ಮುಖ ಊದಿಸಿಕೊಂಡು ವಾಪಸ್ ಬರುತ್ತಾರೆ. ಅದಕ್ಕೇ ಲ್ಯಾಪ್‌ಟಾಪ್ ತೆಗೆದುಕೊಂಡದ್ದು. ಐಡಿಯಾ ನನ್ನದಲ್ಲ, ಅಂಗಡಿಯಲ್ಲಿ ಟೈಪಿಂಗ್ ನೋಡಿಕೊಳ್ಳುವ ಭಾಮೈದ ಕೊಟ್ಟೂರೇಶನದು. “ಹರಿಹರದಾಗೆ ಗಿರಾಕಿ ಮನಿಗೇ ಹೋಗಿ, ಹಿರೇರ ಮುಂದೆ ಕುಂತು ತಿದ್ದಿ ಬರ್ಬೋದು ಭಾವ” ಅಂದ.

ಹಳೇ ಮಾಲು. ಹರಿಹರದಲ್ಲಿ ಯಾವುದೋ ಮಿಷನ್ ಕೂಡಿಸಲು ಬಂದಿದ್ದ ಜರ್ಮನಿಯವನು ಮಾರಿ ಹೋದದ್ದು. ಕೀಬೋರ್ಡ್ ಅವರ ದೇಶದ್ದು. Y ಇರಬೇಕಾದಲ್ಲಿ Z, Z ಇರಬೇಕಾದಲ್ಲಿ Y. ಒಳಗಿನ ಪ್ರೋಗ್ರಾಂ ಮಾತ್ರ ನಮ್ಮ ರೂಢಿಯದು, Y ಅಂತ ನೋಡಿ ಒತ್ತಿದರೆ Z ಬರುತ್ತದೆ. ನಾನು ಕೀ ನೋಡಿಕೊಂಡು ಎರಡು ಬೆರಳಲ್ಲಿ ಕುಟ್ಟುವವನು. ಇವತ್ತು ಒಂದು ಸಾಲಿಗೆ ಅರ್ಧ ಗಂಟೆ. ತಲೆ ಕೆಟ್ಟುಹೋಯಿತು.

2-4-98, ಗುರುವಾರ

ಕೊಟ್ಟೂರೇಶ ಬೆಂಗಳೂರಿನ ಗುಜರಿಯಿಂದ ಇದೇ ಮಾಡೆಲ್ಲಿನ ಬೇರೆ ಕೀಬೋರ್ಡ್ ತರಿಸಿದ್ದಾನೆ. ನಮಗೆ ರೂಢಿ ಇರುವಂಥದ್ದು. ಭಾನುವಾರ ತಾನೇ ಬಿಚ್ಚಿ ಹಾಕುತ್ತಾನಂತೆ.

ಯಾಕೆ? ಅವನು ಟೈಪಿಂಗ್ ಕ್ಲಾಸಿಗೆ ಹೋಗಿ ಕಲಿತವನು, ಕೀ ನೋಡುವುದೇ ಇಲ್ಲ. ಕೀ ಮೇಲೆ ಏನು ಬರೆದಿದ್ದರೂ ಅವನಿಗೆ ಒಂದೇ. ಹಾಗಿದ್ದ ಮೇಲೆ ಈ ಉಪಕಾರ ಯಾಕೆ?

ಬಿಚ್ಚಿದ ಕಂಪ್ಯೂಟರು ಬಿಚ್ಚಿದ ಹಾಗೇ ವಾಪಸ್ ಬರುವುದಿಲ್ಲ. ಇದು ಈ ಬಜಾರಿನಲ್ಲಿ ಎಲ್ಲರಿಗೂ ಗೊತ್ತು. ಒಳಗಿನ ಮೆಮೊರಿ ಎತ್ತಿ ಹಳೆಯದು ತುರುಕಿದರೆ ಯಾರು ನೋಡುತ್ತಾರೆ?

3-4-98, ಶುಕ್ರವಾರ

ಮಾಲತೇಶಪ್ಪ ಬಂದಿದ್ದ. ಹರಿಹರದಿಂದ ಕಾರ್ಡು, ಕವರು ತಂದು ಹಾಕುವವನು. ಟೀ ಕುಡಿಯುತ್ತಾ ಸುಮ್ಮನೆ ಅಂದ ಹಾಗೆ ಅಂದ, “ನಿಮ್ ಭಾಮೈದ ನಮ್ಮೂರಿನ ಹೊಸ ಪ್ರೆಸ್ನಾಗೆ ಕುಂತಿದ್ದನಲ್ಲ ಬಸಣ್ಣ, ಎರಡು ಸಲ ಕಂಡೆ.”

ನನಗೆ ಹೇಳಿಲ್ಲ. ಒಂದು ಸಲವೂ ಹೇಳಿಲ್ಲ.

ಈಗ ಗೊತ್ತಾಯಿತು. ಲ್ಯಾಪ್‌ಟಾಪು, ಹರಿಹರದ ಗಿರಾಕಿ, ಮನೆಮನೆ ಪರಿಚಯ... ಎಲ್ಲ ರೆಡಿ ಮಾಡಿಕೊಂಡು ಅಲ್ಲೇ ಅಂಗಡಿ ಇಡುತ್ತಾನೆ. ಇವನು ಹೋದರೆ ನನ್ನ ಅಂಗಡಿ ಕತೆ ಮುಗಿಯಿತು, ನನ್ನ ಎರಡು ಬೆರಳಿಂದ ಯಾವ ಸೀಜನ್ನೂ ದಾಟಲ್ಲ. ಅದು ಅವನಿಗೂ ಗೊತ್ತು.

ರೂಪಶ್ರೀಗೆ ಹೇಳಲಿಲ್ಲ. ತಮ್ಮ ಅಂದರೆ ಅವಳಿಗೆ ದೇವರು.

4-4-98, ಶನಿವಾರ, ಸಂಜೆ

ರೂಪಶ್ರೀ ನಿಟ್ಟುವಳ್ಳಿ ಗುಡಿಗೆ ಹೋಗಿದ್ದಳು. ಲ್ಯಾಪ್‌ಟಾಪ್ ಮನೆಗೆ ತಂದಿದ್ದೆ. ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್‌ನಿಂದ ನಾನೇ ಬಿಚ್ಚಿದೆ. ಕೀಬೋರ್ಡ್ ಮೇಲೆತ್ತಿದರೆ ಕೆಳಗೆ ಒಂದು ಪಟ್ಟಿ ವೈರು, ಸೀಳಿನಂಥ ಸಣ್ಣ ಬಾಯಿಗೆ ಸಿಕ್ಕಿಸಿದ್ದಾರೆ. ಎಳೆದೆ, ಬಂತು.

ಅಲ್ಮೇರಾದಿಂದ ರೂಪಶ್ರೀಯ ಕೆಂಪು ನೇಲ್ ಪಾಲಿಷ್. ಮೆಮೊರಿ ಮೂಲೆಗೆ ಒಂದು ಚುಕ್ಕಿ, ಡಿಸ್ಕಿನ ಅಂಚಿಗೆ ಒಂದು, ಸ್ಕ್ರೂ ತಲೆಗೆಲ್ಲ ಒಂದೊಂದು. ಏನು ಬದಲಾದರೂ ಚುಕ್ಕಿ ಹೇಳುತ್ತದೆ. ನನಗೂ ತಲೆ ಇದೆ.

ಗೇಟಿನ ಸದ್ದಾಯಿತು. ಗಡಿಬಿಡಿಯಲ್ಲಿ, ಬೆರಳಿನ ಬಣ್ಣ ಇನ್ನೂ ಹಸಿ ಇರುವಾಗಲೇ, ವೈರು ಒತ್ತಿ ಮುಚ್ಚಿಟ್ಟೆ. ಆನ್ ಮಾಡಿ ನೋಡಲು ಆಗಲಿಲ್ಲ. ಶೀಶೆ ಎಲ್ಲಿ ಇಡಲಿ — ಸದ್ಯಕ್ಕೆ ನನ್ನ ಕೋಟಿನ ಜೇಬು.

5-4-98, ಭಾನುವಾರ

ಹಾಕಿದ. ಅಂಗಡಿಯಲ್ಲೇ, ನನ್ನ ಕಣ್ಣೆದುರೇ. ಪಕ್ಕದಲ್ಲೇ ಕೂತಿದ್ದೆ, ಬೀಡಾ ತರಲೂ ಏಳಲಿಲ್ಲ. Y ಜಾಗಕ್ಕೆ Y ಬಂತು, ನೋಡಲು ಚೆಂದ. ಆನ್ ಮಾಡಿದರೆ ಅರ್ಧ ಕೀಗಳಿಗೆ ಜೀವವೇ ಇಲ್ಲ.

“ಯಾಕೋ ಹಿಡೀವಲ್ದು ಭಾವ. ನೋಡ್ತೀನಿ ತಡ್ರಿ” ಅಂದ. ಹಳೆಯದನ್ನೇ ವಾಪಸ್ ಹಾಕಿದ. ಅದೂ ಹಾಗೇ.

ಸರಿ. ಅಂಗಡಿಯ ಲ್ಯಾಪ್‌ಟಾಪ್ ಕೆಟ್ಟರೆ ಹರಿಹರದ ಗಿರಾಕಿ ಯಾರ ಹತ್ತಿರ ಹೋಗುತ್ತಾನೆ? ಲೆಕ್ಕ ಕೂಡುತ್ತಿದೆ.

6-4-98, ಸೋಮವಾರ

ಅವನು ಊಟಕ್ಕೆ ಹೋದಾಗ ಬಿಚ್ಚಿ ನೋಡಿದೆ. ಚುಕ್ಕಿಗಳೆಲ್ಲ ಇದ್ದಲ್ಲೇ ಇವೆ, ಏನೂ ಕದ್ದಿಲ್ಲ. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಕದಿಯದೆಯೂ ಕೆಡಿಸಬಹುದಲ್ಲ.

ಬಂದವನಿಗೆ ಕೇಳಿಯೇಬಿಟ್ಟೆ. “ಒಳಗೆ ಏನು ಮಾಡ್ದಿ?”

“ಏನ್ ಮಾಡ್ಲಿ ಭಾವ? ನೀವೇ ಇದ್ರಲ್ಲ” ಅಂದ. ನಕ್ಕ. ಆ ನಗು ನನಗೆ ಸೇರಲಿಲ್ಲ.

9-4-98, ಗುರುವಾರ

ಬರೆಯಲು ಮನಸ್ಸಿಲ್ಲ. ಆದರೂ.

ಇವತ್ತು ಮಧ್ಯಾಹ್ನ ಮತ್ತೆ ಬಿಚ್ಚಿದ. ಪ್ರಿಂಟಿನ ಚುಕ್ಕಿ ನೋಡುವ ಮಸೂರ ಕಣ್ಣಿಗಿಟ್ಟು ಬಗ್ಗಿ ಕೂತ. ವೈರು ಸಿಕ್ಕಿಸುವ ಬಾಯೊಳಗೆ ಸೂಜಿ ಹಾಕಿ ಕೆರೆದ. ಸೂಜಿ ತುದಿಯಲ್ಲಿ ಕೆಂಪು ಸಿಪ್ಪೆ ಬಂತು.

ಬೆಳಕಿಗೆ ಹಿಡಿದ. ಮೆಮೊರಿ ಮೇಲಿನ ಚುಕ್ಕಿ ನೋಡಿದ, ಸ್ಕ್ರೂ ನೋಡಿದ. ಆಮೇಲೆ ನನ್ನ ನೋಡಿದ.

“ಈ ಚುಕ್ಕಿ ಭಾನುವಾರನೇ ಕಂಡಿದ್ದೆ. ಕಂಪ್ನಿ ಗುರುತು ಅಂದ್ಕೊಂಡೆ.”

ಸೂಜಿ ತುದಿಯ ಸಿಪ್ಪೆಯನ್ನು ಅಂಗೈಗೆ ಉದುರಿಸಿಕೊಂಡ.

“ಸಂಕ್ರಾಂತಿಗೆ ಅಕ್ಕಂಗೆ ನಾನೇ ಕೊಡಿಸಿದ್ದು ಇದು. ಇದೇ ಬಣ್ಣ ಬೇಕು ಅಂತ ಮೂರ್ ಅಂಗಡಿ ತಿರುಗಿಸಿದ್ಲು.”

ಬೈದಿದ್ದರೆ ಚೆನ್ನಾಗಿತ್ತು. ಅವನು ಎದ್ದು ಥಿನ್ನರ್ ಡಬ್ಬಿ, ಹತ್ತಿ ತಂದ. ವೈರಿನ ಬಾಯಿ ತೊಳೆದ. ಮೆಮೊರಿ ಒರೆಸಿದ.

“ಇನ್ನ ಎಲ್ಲೆಲ್ಲಿ ಹಚ್ಚೀರಿ, ಹೇಳಿಬಿಡ್ರಿ ಭಾವ. ಒರೆಸ್ತೀನಿ.”

ತೋರಿಸಿದೆ. ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. ಅವನು ಒಂದೊಂದಾಗಿ ಒರೆಸಿದ. ಹೊಸ ಕೀಬೋರ್ಡ್ ಕೂಡಿಸಿ, ನನ್ನ ಕಡೆ ತಿರುಗಿಸಿ ಇಟ್ಟ. ಎಲ್ಲ ಕೀ ಕೆಲಸ ಮಾಡುತ್ತಿವೆ.

ಅಂಗಡಿಯ ಬೀಗದ ಕೈ ಟೇಬಲ್ ಮೇಲಿಟ್ಟು ಹೋದ.

11-4-98, ಶನಿವಾರ

ನಿನ್ನೆ ಬರಲಿಲ್ಲ, ಇವತ್ತೂ ಇಲ್ಲ.

ಮಾಲತೇಶಪ್ಪ ಬಂದ. “ಅಂತೂ ಹೋದ್ನಲ್ಲ ನಿಮ್ ಹುಡುಗ? ನಿನ್ನೆಯಿಂದ ಆ ಪ್ರೆಸ್ನಾಗೇ ಕುಂತಾನೆ. ಎರಡು ಸಲ ಕರೆಸಿದಾಗ್ಲೂ ಆಗಂಗಿಲ್ಲ ಅಂದಿದ್ದ. ‘ನಮ್ ಭಾವಗೆ ಕೀ ನೋಡ್ದೆ ಹೊಡಿಯಕ ಬರಂಗಿಲ್ಲ, ನಾನು ಬಂದ್ರೆ ಅಂಗಡಿ ಹೆಂಗೆ ನಡೀತದೆ’ ಅಂದಿದ್ದ. ಈಗ ಏನಾತು?”

ಏನಾಯಿತು ಅಂತ ಹೇಳಲಿ? ಬೆಂಕಿ ಇಲ್ಲದ ಮನೆಗೆ ನಾನೇ ಬೆಂಕಿ ಇಟ್ಟೆ ಅಂತಲಾ? ಕಾರ್ಡಿನ ಕಟ್ಟು ಇಳಿಸಿಕೊಂಡು ಕಳಿಸಿದೆ.

13-4-98, ಸೋಮವಾರ, ರಾತ್ರಿ ಊಟ ಆದ ಮೇಲೆ

ದಿನವೆಲ್ಲ ಒಬ್ಬನೇ. ಕುಕ್ಕುವಾಡದವರ ಪತ್ರಿಕೆ ಹೊಡೆದೆ. Y ಅಂತ ನೋಡಿ ಒತ್ತಿದರೆ Y ಬರುತ್ತದೆ. ನನಗೊಬ್ಬನಿಗಾಗಿ ತರಿಸಿದ್ದ ಕೀಬೋರ್ಡು ಇದು. ಈ ಅಂಗಡಿಯಲ್ಲಿ ಇನ್ಯಾರಿಗೂ ಬೇಕಿರಲಿಲ್ಲ.

ರೂಪಶ್ರೀ ತೊಳೆಯಲು ಹಾಕುವ ಮುಂಚೆ ಕೋಟಿನ ಜೇಬು ಖಾಲಿ ಮಾಡುತ್ತಿದ್ದಳು. ಈಗ ಶೀಶೆ ಹಿಡಿದು ಎದುರಿಗೆ ಬಂದು ಕೂತಿದ್ದಾಳೆ. ಬರೆದು ಮುಗಿಸುವವರೆಗೂ ಕಾಯುತ್ತಾಳಂತೆ.

“ತಮ್ಮ ಯಾಕ ಊಟಕ್ಕೆ ಬರವಲ್ಲ, ಅದನ್ನ ಹೇಳ್ರಿ ಮೊದ್ಲು. ಇದು ನಿಮ್ ಜೇಬಿನಾಗೆ ಯಾಕೈತೆ, ಆಮೇಲೆ ಕೇಳ್ತೀನಿ.”

ಎರಡಕ್ಕೂ ಉತ್ತರ ಒಂದೇ. ಹೇಳಲೇಬೇಕು. ಪೆನ್ನು ಇಡುತ್ತೇನೆ.